ಗಟ್ಟಿ ಕಪಾಟು

ಕ್ವಿನ್ ಫ್ಲಾಟ್, ಮೊಂಟಾನಾ
ಬುಧವಾರ, ನವೆಂಬರ್ 11, 1998

ಆರ್ವಿಡ್,

‘ಪ್ರೀತಿಯ’ ಎಂದು ಬರೆಯಲು ಹೊರಟಿದ್ದೆ. ಮೂವತ್ತು ವರ್ಷದ ಅಭ್ಯಾಸ, ಪೆನ್ನು ತಾನಾಗಿಯೇ ಅತ್ತ ಹೋಗುತ್ತದೆ. ಹಿಡಿದು ನಿಲ್ಲಿಸಿದ್ದೇನೆ.

ಮೊದಲು ಸುದ್ದಿ. ಶನಿವಾರ ನಮ್ಮ ಮನೆಗೆ ಬೆಂಕಿ ಬಿತ್ತು. ಯಾರಿಗೂ ಏನೂ ಆಗಿಲ್ಲ, ಮನೆಯೂ ನಿಂತಿದೆ. ಈಗ ಉಸಿರು ಬಿಡು. ಇನ್ನು ಮುಂದೆ ಬರುವುದೆಲ್ಲ ಬೈಗುಳ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಬಾಯಿ ಬಿಡುವುದಿಲ್ಲ, ನಾನು ಬಾಯಿ ಮುಚ್ಚುವುದಿಲ್ಲ. ನಿನ್ನ ಪೈಪ್‌ಲೈನ್ ಕ್ಯಾಂಪಿನವರೆಲ್ಲ ಆ ಒಂದೇ ಫೋನಿನ ಸುತ್ತ ನಿಂತಿರುತ್ತಾರೆ ಬೇರೆ. ಆರು ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದು ಪಾರ್ಸಲ್. ಒಳಗೆ ಉದ್ದನೆಯ ರಬ್ಬರ್ ಪಟ್ಟಿ, ಜೊತೆಗೆ ಒಂದು ಚೀಟಿ: ‘ಕಪಾಟಿನ ಬಾಗಿಲಿಗೆ ಅಂಟಿಸು, ಗಾಳಿ ಕೂಡ ಆಡಲ್ಲ.’ ಹೇಗಿದ್ದೀಯ ಎಂದು ಒಂದಕ್ಷರ ಇಲ್ಲ. ಆ ಪಟ್ಟಿಯನ್ನು ಕೋಳಿಗೂಡಿನ ಬಾಗಿಲಿಗೆ ಹೊಡೆದೆ. ಕೋಳಿಗಳು ನಿನಗೆ ಥ್ಯಾಂಕ್ಸ್ ಹೇಳಿವೆ.

ಮೇ ತಿಂಗಳ ಆ ದಿನ ನಿನಗೆ ಹೇಗೆ ನೆನಪಿದೆಯೋ ನನಗೆ ಗೊತ್ತಿಲ್ಲ. ನನಗೆ ನೆನಪಿರುವುದನ್ನು ಬರೆಯುತ್ತೇನೆ, ಓದು. ತಂಗಿಯ ಆಪರೇಷನ್ ಎಂದು ನಾನು ಒಂಬತ್ತು ದಿನ ಸ್ಪೋಕೇನ್‌ನಲ್ಲಿದ್ದೆ. ಬಂದು ಕೋಟು ಬಿಚ್ಚುವ ಮೊದಲೇ ನೀನು ನನ್ನನ್ನು ನೆಲಮಾಳಿಗೆಯ ಮೆಟ್ಟಿಲಿಗೆ ಎಳೆದುಕೊಂಡು ಹೋದೆ. ‘ಕಣ್ಣು ಮುಚ್ಕೋ ಮಾರ್ಲಿಸ್. ಮುಚ್ಚಿದ್ದೀಯ ತಾನೇ? ಕದ್ದು ನೋಡ್ಬೇಡ’ ಎಂದೆ. ಮದುವೆಯ ಮೂವತ್ತನೇ ವರ್ಷಕ್ಕೆ ನೀನು ನನ್ನ ಬಂದೂಕಿನ ತೋಟಾ ತುಂಬುವ ಕೋಣೆಯನ್ನು ಪೂರ್ತಿ ಹೊಸದು ಮಾಡಿಬಿಟ್ಟಿದ್ದೆ. ಕಣ್ಣು ಬಿಟ್ಟಾಗ ನಿಜವಾಗಿ ಖುಷಿಯಾಯಿತು. ಅದನ್ನು ಅವತ್ತು ಹೇಳಲಿಲ್ಲ. ಹೇಳುವಷ್ಟು ಪುರುಸೊತ್ತನ್ನು ನೀನು ಕೊಡಲಿಲ್ಲ.

ಬೆಂಚು ಚೆನ್ನಾಗಿತ್ತು, ಆರ್ವಿಡ್. ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದೆ. ಹಳೆಯದರಲ್ಲಿ ತೋಟಾ ಒತ್ತುವ ಪ್ರೆಸ್ಸಿನ ಹಿಡಿ ಒತ್ತಿದಾಗಲೆಲ್ಲ ಇಡೀ ಮೇಜು ಕುಣಿಯುತ್ತಿತ್ತು. ಇದು ಜಪ್ಪಯ್ಯ ಅನ್ನುವುದಿಲ್ಲ. ಸೀಸದ ಗುಂಡುಗಳ ಡಬ್ಬಿಗಳನ್ನೆಲ್ಲ ಒಂದೇ ಶೆಲ್ಫಿನ ಮೇಲೆ ಪೇರಿಸಿದರೂ ಶೆಲ್ಫು ಬಾಗುವುದಿಲ್ಲ. ಹಿತ್ತಾಳೆ ಚಿಪ್ಪುಗಳಿಗೆ ಒಂದೊಂದು ಅಳತೆಗೆ ಒಂದೊಂದು ಡ್ರಾಯರ್, ಕಿಡಿ ಹೊತ್ತಿಸುವ ಕೇಪುಗಳಿಗೆ ದೂರದಲ್ಲಿ ಬೇರೆ ಗೂಡು. ಇದನ್ನೆಲ್ಲ ಯೋಚಿಸಿ ಮಾಡಿದವನಿಗೆ ಮೂಲೆಯಲ್ಲಿದ್ದ ಆ ಪೈನ್ ಮರದ ಪೆಟ್ಟಿಗೆ ಏನೆಂದು ಒಂದು ಮಾತು ಕೇಳಬೇಕೆಂದು ಅನ್ನಿಸಲಿಲ್ಲವೇ?

‘ಅಪ್ಪನ ಪೆಟ್ಟಿಗೆ ಎಲ್ಲಿ?’ ಎಂದು ಕೇಳಿದೆ.

‘ಅದಾ? ಒಲೆಗೆ ಹಾಕ್ದೆ. ಬೆರಳಲ್ಲಿ ಮುಟ್ಟಿದ್ರೆ ಬೀಳ್ತಿತ್ತು, ಬಾಗಿಲಿಗೆ ಬೀಗ ಕೂಡ ಇರ್ಲಿಲ್ಲ. ಇದನ್ನ ನೋಡು’ ಎಂದು ನೀನು ಬೆಸೆದು ಮಾಡಿದ ಹಸಿರು ಕಪಾಟಿನ ಬೆನ್ನು ತಟ್ಟಿದೆ. ಕಾಲಿಂಚು ದಪ್ಪದ ಉಕ್ಕು, ಮೂರು ಕೀಲು, ಎರಡು ಬೀಗ. ‘ಮೇಲೆ ಟ್ರ್ಯಾಕ್ಟರ್ ಹತ್ತಿಸಿದ್ರೂ ಏನೂ ಆಗಲ್ಲ. ನಿನ್ನ ಕೋವಿ ಮದ್ದೆಲ್ಲ ಒಳಗಿಟ್ಟಿದ್ದೀನಿ.’

ನನ್ನಪ್ಪ ಎಮಿಲ್ ಬಡಗಿಯಲ್ಲ, ನಿಜ. ಆದರೆ ಆ ಪೆಟ್ಟಿಗೆಯನ್ನು ಅವನು ಬೇಕೆಂದೇ ಹಾಗೆ ಮಾಡಿದ್ದ. ನನಗೆ ಹದಿಮೂರು ವರ್ಷವಾದಾಗ ಮೊದಲ ತೋಟಾ ತುಂಬಿಸುವ ಮುಂಚೆ ಅದರ ಎದುರು ಕೂರಿಸಿ ಹೇಳಿದ್ದ: ‘ನೋಡು ಮಗಳೇ, ಮದ್ದಿಗೆ ಬೆಂಕಿ ತಗುಲಿದ್ರೆ ಅದಕ್ಕೆ ಓಡಿಹೋಗೋಕೆ ದಾರಿ ಬೇಕು. ದಾರಿ ಕೊಟ್ರೆ ಬುಸ್ ಅಂತ ಉರಿದು ಮುಗೀತು. ಗಟ್ಟಿಯಾಗಿ ಮುಚ್ಚಿಟ್ರೆ ಮನೇನೇ ಹೊತ್ಕೊಂಡು ಹೋಗುತ್ತೆ.’ ಮರ ಬೇಗ ಬಿಸಿಯಾಗುವುದಿಲ್ಲ, ಬಿಸಿಯಾದರೂ ಆ ಸಡಿಲ ಬಾಗಿಲು ಕಿತ್ತುಕೊಂಡು ಹೋಗುತ್ತದೆ. ಕೆಟ್ಟ ಕೆಲಸ ಎಂದು ನೀನು ನಕ್ಕೆಯಲ್ಲ, ಆ ಕೆಟ್ಟ ಕೆಲಸವೇ ಅದರ ಜಾಣತನ.

ಅದನ್ನೆಲ್ಲ ನಾನು ನಿನಗೆ ಸಮಾಧಾನವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಕೂಗಿದೆ. ‘ನೀನು ನನಗೆ ಕಪಾಟು ಮಾಡಿಲ್ಲ, ಬಾಂಬು ಮಾಡಿಟ್ಟಿದ್ದೀಯ’ ಎಂದೆ. ‘ಟ್ವೈಲಾ ಬೆಂಕಿ ದಳದಲ್ಲಿದ್ದಾಳೆ, ಈ ಮನೆಗೆ ಬೆಂಕಿ ಬಿದ್ರೆ ಮೊದಲು ಇಳಿಯೋಳು ನಿನ್ನ ಮಗಳೇ, ಅವಳನ್ನ ಕೊಲ್ಲೋಕೆ ಮಾಡಿದ್ದೀಯಾ?’ ಎಂದೆ. ನಿನ್ನ ಮುಖ ಸುಣ್ಣವಾಯಿತು. ‘ಮೂವತ್ತು ವರ್ಷ ಪೈಪ್‌ಲೈನ್ ವೆಲ್ಡ್ ಮಾಡಿದೀನಿ. ನಂದೊಂದು ಬೆಸುಗೆ ಬಿಟ್ಕೊಂಡಿದ್ದು ತೋರ್ಸು’ ಎಂದೆ ನೀನು. ‘ಬಿಡಲ್ಲ ಕಣೋ, ಅದೇ ರೋಗ!’ ಎಂದೆ ನಾನು. ನೀನು ಟೋಪಿ ತೆಗೆದುಕೊಂಡೆ, ಪಿಕಪ್ ಸ್ಟಾರ್ಟ್ ಮಾಡಿದೆ, ನಾರ್ತ್ ಡಕೋಟಾದ ಗಡಿ ದಾಟುವವರೆಗೆ ಹಿಂದಿರುಗಿ ನೋಡಿರಲಿಕ್ಕಿಲ್ಲ.

ಮಗಳ ಹೆಸರು ಎತ್ತಿ ಹಾಗೆ ಹೇಳಬಾರದಿತ್ತು. ಅಷ್ಟು ಮಾತ್ರ ವಾಪಸು ತೆಗೆದುಕೊಳ್ಳುತ್ತೇನೆ. ಉಳಿದದ್ದು ಹಾಗೆಯೇ ಇರಲಿ.

ನೀನು ಹೋದ ಮೇಲೆ ನಾನು ಏನು ಮಾಡಬೇಕಿತ್ತು? ನಾಲ್ಕು ಹಲಗೆ ಕೊಯ್ದು ಮೊಳೆ ಹೊಡೆಯಬೇಕಿತ್ತು. ಅರ್ಧ ದಿನದ ಕೆಲಸ. ಮಾಡಲಿಲ್ಲ. ಸುಟ್ಟವನೇ ಬಂದು ಮಾಡಿಕೊಡಲಿ ಎಂದು ಪಟ್ಟು ಹಿಡಿದೆ. ಹಾಗೆಂದು ಊರಿನಲ್ಲಿ ಹೇಳಿಕೊಳ್ಳಲಾದೀತೇ? ಎಲ್ಲರೂ ನಾನು ಮತ್ತು ನೀನು ಏನಾದೆವು ಎಂದು ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದರು. ದಳದ ಮುಖ್ಯಸ್ಥ ಲೈಲ್ ಓಸ್ಟ್‌ಬಿ ಜುಲೈ ನಾಲ್ಕರ ಪಿಕ್‌ನಿಕ್‌ನಲ್ಲಿ, ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿದ್ದ ಆ ಕಪಾಟಿನ ವಿಷಯ ತೆಗೆದ. ‘ಅದಾ? ಬಿಸಾಕಿ ಆಯ್ತು. ಮರದ್ದೊಂದು ನಾನೇ ಮಾಡ್ಕೊಂಡೆ, ಗಂಡ ಬರೋತನಕ ಕೈಕಟ್ಟಿ ಕೂರ್ತೀನಾ?’ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ವೈಲಾ ಕೂಡ ಅಲ್ಲೇ ಇದ್ದಳು. ‘ಭೇಷ್ ಅಮ್ಮ’ ಎಂದಳು.

ಮೊನ್ನೆ ಶನಿವಾರ ಚರ್ಚಿನಲ್ಲಿ ಲುಟಫಿಸ್ಕ್ ಊಟ ಇತ್ತು. ಆ ಲೋಳೆ ಮೀನಿನ ವಾಸನೆಗೆ ನೀನು ಪ್ರತಿ ವರ್ಷ ಮೂಗು ಮುರಿದು ಮೂರು ಸಲ ಬಡಿಸಿಕೊಳ್ಳುತ್ತಿದ್ದೆ, ನೆನಪಿದೆಯಾ? ನಿನ್ನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಅದು ಇನ್ನೂ ಸಿಟ್ಟು ಬರಿಸಿತು. ನಾನು ಹೊರಡುವಾಗ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಮೆಷಿನ್ ಹಾಕಿ ಬಂದಿದ್ದೆ. ಅದರ ಪೈಪಿನಲ್ಲಿ ನೂಲಿನ ಧೂಳು ಕಟ್ಟಿಕೊಂಡು ಒಂದೂವರೆ ಗಂಟೆಯ ಹೊತ್ತಿಗೆ ಕಿಡಿ ಹತ್ತಿತು. ಇಡೀ ಬೆಂಕಿ ದಳ ನನ್ನ ಮೇಜಿನಲ್ಲೇ ಕೂತು ಮೀನಿನ ಮೇಲೆ ಕರಗಿದ ಬೆಣ್ಣೆ ಸುರಿದುಕೊಳ್ಳುತ್ತಿತ್ತು. ಚರ್ಚಿನ ಕಿಟಕಿಯಿಂದ ನಮ್ಮ ಮನೆಯ ಹೊಗೆ ಕಂಡದ್ದೇ ತಟ್ಟೆಗಳನ್ನು ಬಿಟ್ಟು ಓಡಿದರು. ಹಿಂದೆ ಇಡೀ ಊರು.

ನಮ್ಮ ಅಂಗಳದಲ್ಲಿ ಲೈಲ್ ನನ್ನ ಎರಡೂ ಭುಜ ಹಿಡಿದುಕೊಂಡ. ‘ಮಾರ್ಲಿಸ್, ನನ್ನ ನೋಡು. ಮದ್ದು ಯಾವುದ್ರಲ್ಲಿದೆ? ಮರವಾ, ಕಬ್ಬಿಣವಾ? ಮರ ಅಂದ್ರೆ ಒಳಗಿಳಿದು ಆರಿಸ್ತೀವಿ. ಕಬ್ಬಿಣ ಅಂದ್ರೆ ರಸ್ತೆ ಆಚೆ ನಿಂತು ನೀರು ಹೊಡೀತೀವಿ, ಮನೆ ಹೋಗುತ್ತೆ. ಬೇಗ ಹೇಳು.’

ಹಿಂದೆ ಊರೆಲ್ಲ ಕುತ್ತಿಗೆಗೆ ಸಿಕ್ಕಿಸಿದ ನ್ಯಾಪ್‌ಕಿನ್ ಕೂಡ ತೆಗೆಯದೆ ನಿಂತಿತ್ತು. ಜುಲೈನಲ್ಲಿ ಚಪ್ಪಾಳೆ ತಟ್ಟಿದವರೇ ಎಲ್ಲರೂ. ಟ್ವೈಲಾ ನೆಲಮಾಳಿಗೆಯ ಮೆಟ್ಟಿಲ ಬಾಗಿಲ ಬಳಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನನ್ನ ಉತ್ತರಕ್ಕೆ ಕಾಯುತ್ತಿದ್ದಳು, ಪಕ್ಕದಲ್ಲಿ ಲೈಲ್‌ನ ಅಳಿಯ ಡಾರೆಲ್.

ನಾನು ‘ಮರ’ ಎಂದೆ.

ಇಬ್ಬರೂ ಒಳಗೆ ಹೋದರು.

ಆರ್ವಿಡ್, ಮದ್ದು ನಿನ್ನ ಕಪಾಟಿನಲ್ಲೇ ಇತ್ತು. ಹನ್ನೊಂದು ಡಬ್ಬಿ. ಮೇ ತಿಂಗಳಲ್ಲಿ ನೀನು ಹೋದ ಮಾರನೆಯ ದಿನವೇ ಅವನ್ನು ತೆಗೆದು ತೆರೆದ ಶೆಲ್ಫಿನ ಮೇಲೆ ಇಟ್ಟಿದ್ದೆ. ಆಮೇಲೆ ಕೆಳಗೆ ಇಳಿದಾಗಲೆಲ್ಲ ಆ ಕಪಾಟು ಖಾಲಿ ಹೊಟ್ಟೆಯಲ್ಲಿ ನಿಂತಿರುವುದು ಕಣ್ಣಿಗೆ ಬೀಳುತ್ತಿತ್ತು. ಒಂಬತ್ತು ದಿನ ನೀನು ಕಣ್ಣಿಗೆ ನಿದ್ದೆ ಇಲ್ಲದೆ ಮಾಡಿದ್ದು. ಒಂದು ವಾರ ಸಹಿಸಿದೆ, ಆಮೇಲೆ ನಾನೇ ಡಬ್ಬಿಗಳನ್ನು ಒಳಗಿಟ್ಟೆ. ನೀನು ಬಂದಾಗ ಬಾಗಿಲು ತೆರೆದು ತೋರಿಸಿ ಹೊಟ್ಟೆ ತುಂಬ ಬೈಯಬಹುದು ಎಂಬ ಆಸೆಯೂ ಇತ್ತು. ಮದ್ದು ಎಲ್ಲಿರಬಾರದು ಎಂದು ಹದಿಮೂರನೇ ವಯಸ್ಸಿನಿಂದ ಗೊತ್ತಿದ್ದವಳು ನಾನು. ನಿನಗಾದರೋ ಗೊತ್ತಿರಲಿಲ್ಲ.

ಅವರು ಒಳಗಿದ್ದದ್ದು ಎಂಟು ನಿಮಿಷ. ಎಂಟು ನಿಮಿಷವೂ ನಾನು ಕೂಗಿ ಕರೆಯಬಹುದಿತ್ತು. ‘ಲೈಲ್, ತಪ್ಪು ಹೇಳ್ದೆ, ವಾಪಸ್ ಕರಿ’ ಅಂದರೆ ಆಗಿತ್ತು, ಅಷ್ಟೇ ಮಾತು. ಕರೆಯಲಿಲ್ಲ. ಮನೆ ಉಳಿಯಲಿ ಎಂದು ಅಲ್ಲ; ಮನೆಯ ಯೋಚನೆ ನನಗೆ ಆಗ ಬರಲೇ ಇಲ್ಲ. ಊರಿನ ಮುಂದೆ ಸುಳ್ಳುಗಾತಿ ಆಗಬಾರದು ಎಂದು ಮಗಳನ್ನು ಆ ಕಪಾಟಿನ ಪಕ್ಕದಲ್ಲಿ ನಿಲ್ಲಿಸಿದೆ. ಇದನ್ನು ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ಬೆಂಕಿ ಆರಿತು. ಮೆಷಿನ್ ಸುಟ್ಟು ಕರಕಲಾಗಿದೆ, ಗೋಡೆಯೊಂದು ಹೋಗಿದೆ. ನಿನ್ನ ಕಪಾಟಿನ ಎಡಬದಿಯಲ್ಲಿ ಹಸಿರು ಬಣ್ಣ ಗುಳ್ಳೆ ಎದ್ದಿದೆ, ಅಂಗೈ ಅಗಲ. ಆ ಅಂಗೈ ಅಗಲವನ್ನು ನಾನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ. ಡಬ್ಬಿಗಳನ್ನು ಭಾನುವಾರ ಬೆಳಿಗ್ಗೆ ಹೊರಗಿನ ಶೆಡ್ಡಿಗೆ ಸಾಗಿಸಿದೆ. ಯಾರಿಗೂ ಏನೂ ಗೊತ್ತಿಲ್ಲ. ಊರಿನವರು ಕ್ಯಾಸರೋಲ್ ಅಡುಗೆಯ ಪಾತ್ರೆ ಮೇಲೆ ಪಾತ್ರೆ ತಂದು ಕೊಟ್ಟು, ‘ಪುಣ್ಯಕ್ಕೆ ನೀನು ಆ ಮರದ ಪೆಟ್ಟಿಗೆ ಮಾಡಿದ್ಯಲ್ಲ’ ಎಂದು ಕೈ ಕುಲುಕಿ ಹೋಗುತ್ತಾರೆ.

ನಿನ್ನ ಮೇಲೆ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಕೇಳದೆ ಅಪ್ಪನ ಪೆಟ್ಟಿಗೆ ಸುಟ್ಟದ್ದಕ್ಕೆ ಸಿಟ್ಟು. ಒಂದು ಜಗಳಕ್ಕೆ ಆರು ತಿಂಗಳು ಮನೆ ಬಿಟ್ಟದ್ದಕ್ಕೆ ಅದಕ್ಕಿಂತ ದೊಡ್ಡ ಸಿಟ್ಟು. ಆ ರಬ್ಬರ್ ಪಟ್ಟಿಯ ಜೊತೆ ‘ಹೇಗಿದ್ದೀಯ’ ಎಂದು ಒಂದು ಮಾತು ಬರೆಯಲು ನಿನ್ನ ಕೈ ಸವೆಯುತ್ತಿತ್ತಾ? ಆದರೆ ಶನಿವಾರದಿಂದ ಬೈಯಲು ಕೂತರೆ ನಿನ್ನ ಹೆಸರಿನಿಂದ ಶುರು ಮಾಡಿ ನನ್ನ ಹೆಸರಿಗೆ ಬಂದು ನಿಲ್ಲುತ್ತೇನೆ. ಇದೂ ನಿನ್ನಿಂದಲೇ ಎಂದು ಅದಕ್ಕೂ ಸಿಟ್ಟು.

ಬಾ. ಆ ಕಪಾಟನ್ನು ನೀನೇ ಕೊಯ್ದು ತುಂಡು ಮಾಡಿ ಹೊರಗೆ ಹಾಕು, ನನ್ನಿಂದ ಅಲುಗುವುದಿಲ್ಲ. ಬರುವಾಗ ಒಂದಿಂಚು ದಪ್ಪದ ಪೈನ್ ಹಲಗೆ ತಾ. ಹೇಗೆ ಮಾಡಬೇಕೆಂದು ನಾನು ಹೇಳುತ್ತೇನೆ, ನೀನು ಕೇಳುತ್ತೀಯ. ಬೆಂಚನ್ನು ಮಾತ್ರ ಮುಟ್ಟಬೇಡ, ಅದು ಇದ್ದ ಹಾಗೇ ಇರಲಿ.

ಸಿಟ್ಟಿನಲ್ಲೂ ನಿನ್ನ ಹೆಂಡತಿಯೇ ಆಗಿರುವ,
ಮಾರ್ಲಿಸ್

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ‘ಯಾರಿಗೂ ಏನೂ ಗೊತ್ತಿಲ್ಲ’ ಎಂದು ಬರೆದದ್ದು ಸುಳ್ಳು. ಟ್ವೈಲಾಗೆ ಗೊತ್ತು. ಕೆಳಗಿಳಿದ ಮೊದಲ ನಿಮಿಷದಲ್ಲೇ ಮರದ ಪೆಟ್ಟಿಗೆ ಎಲ್ಲೂ ಇಲ್ಲ, ಕಪಾಟು ಅಲ್ಲೇ ಇದೆ ಎಂದು ಅವಳು ನೋಡಿದ್ದಳು, ನೋಡಿಯೂ ಡಾರೆಲ್‌ನಿಗೆ ಹೇಳದೆ ಅದರ ಮೇಲೆ ನೀರು ಹಿಡಿದು ನಿಂತಿದ್ದಳು. ಮೇಲೆ ಬಂದಾಗ ಲೈಲ್ ಎಲ್ಲರೆದುರು ‘ಪೆಟ್ಟಿಗೆ ಮರದ್ದೇ ತಾನೇ?’ ಎಂದು ಕೇಳಿದ. ಅವಳು ನನ್ನ ಮುಖವನ್ನೇ ನೋಡುತ್ತ ‘ಹೂಂ, ಮರದ್ದೇ’ ಎಂದಳು. ನಿನ್ನೆ ಹೆಲ್ಮೆಟ್ಟು, ಕೋಟು ಎಲ್ಲವನ್ನೂ ದಳಕ್ಕೆ ವಾಪಸು ಕೊಟ್ಟು ಬಂದು, ಬಾಗಿಲಲ್ಲೇ ನಿಂತು ನನಗೆ ಹೇಳಿದಳು: ‘ನಿನ್ನ ಮಾನ ಉಳಿಸೋಕೆ ನಾನು ಡಾರೆಲ್‌ನ ಆ ಕಪಾಟಿನ ಹತ್ರಾನೇ ನಿಲ್ಲಿಸ್ಕೊಂಡಿದ್ದೆ ಅಮ್ಮ. ಇನ್ಮೇಲೆ ನನ್ನ ಮಾತು ನಂಬಿ ಯಾರೂ ಹೊಗೆಯೊಳಗೆ ಬರಬಾರದು.’ ಒಳಗೆ ಬಾ ಎಂದೆ, ಬರಲಿಲ್ಲ. ಸೋಮವಾರ ಸಂಜೆ ದಳದ ಸಭೆ ಇದೆ. ಅಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳುವವಳು ನಾನು, ಅದಕ್ಕೆ ನನಗೆ ಯಾರೂ ಜೊತೆ ಬೇಡ. ನೀನು ಅಷ್ಟರೊಳಗೆ ಬಂದು ಅವಳ ಪಕ್ಕದಲ್ಲಿ ಕೂತಿರು.