ಸೀನ್ ಎಂಬ ಸವತಿ

ಝಿಫ್ತಾ
ನವೆಂಬರ್ ೧೪, ಗುರುವಾರ

ರಬಾಬಳ ಅಪ್ಪನಿಗೆ ಸನಿಯ್ಯಳ ಸಲಾಮು.

ಸೊಂಟನೋವು ಹೇಗಿದೆ? ಕುವೈತಿನ ಆ ಕೋಣೆಯಲ್ಲಿ ಏಸಿ ಗಾಳಿಗೆ ಬೆನ್ನು ಕೊಟ್ಟು ಮಲಗಬೇಡಿ ಎಂದು ಎಷ್ಟು ಸಲ ಹೇಳಲಿ? ನಾವಿಲ್ಲಿ ಕ್ಷೇಮ. ನಿಮ್ಮ ಅಮ್ಮನ ಕೆಮ್ಮು ಇಳಿದಿದೆ, ಬಾಯಿ ಇಳಿದಿಲ್ಲ. ಫೋನಿರುವಾಗ ಇವಳಿಗೇಕೆ ಕಾಗದದ ಹುಚ್ಚು ಎನ್ನಬೇಡಿ. ಫೋನು ನನ್ನ ಕೈಗೆ ಸಿಕ್ಕರೆ ತಾನೇ! ನೀವು ಕರೆ ಮಾಡಿದ್ದೇ ತಡ, ಮಗಳು ಕಿತ್ತುಕೊಂಡು ಬಾಲ್ಕನಿಗೆ ಓಡುತ್ತಾಳೆ. ಅದಕ್ಕೇ ರಜೆ ಮುಗಿಸಿ ಹೊರಟ ನಿಮ್ಮ ಗೆಳೆಯ ಅಶ್ರಫನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನನಗೆ ಹೊಟ್ಟೆಕಿಚ್ಚು. ಹೌದು, ನಿಮ್ಮ ಮೇಲೆಯೇ. ಅವಳು ಹೈಸ್ಕೂಲು ಸೇರಿ ಬೀಜಗಣಿತ ಶುರುವಾದಾಗಿನಿಂದ ಅಪ್ಪ ಮಗಳ ಬಾಯಲ್ಲಿ ಒಂದೇ ಮಾತು: ‘ಸೀನ್ ಎಷ್ಟು ಬಂತು ಕಣಮ್ಮಾ?’ ‘ಸೀನ್ ಆ ಕಡೆ ಹೋಯ್ತಲ್ಲಪ್ಪಾ!’ ನಮ್ಮ ಅರಬ್ಬಿ ಅಕ್ಷರಮಾಲೆಯ ಸೀನ್, ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಇಟ್ಟ ಹೆಸರಂತೆ. ನನಗಂತೂ ಮನೆಗೆ ಸವತಿ ಬಂದ ಹಾಗಾಗಿದೆ. ಹೆತ್ತು, ಹೊತ್ತು, ಹೇನು ಹೆಕ್ಕಿದವಳು ನಾನು. ಎರಡು ವರ್ಷಕ್ಕೊಮ್ಮೆ ಮುಖ ತೋರಿಸುವ ನೀವು ಅವಳ ಪಾಲಿಗೆ ಜಗತ್ತಿಗೇ ಜಾಣ. ನಾನು ಪಕ್ಕದಲ್ಲಿ ಕೂತರೆ ‘ನಿಂಗೆ ಅರ್ಥ ಆಗಲ್ಲ ಬಿಡಮ್ಮಾ, ಮುಲುಖಿಯಾ ಸೊಪ್ಪಿನ ಸಾರು ಉಕ್ತಿದೆ ನೋಡು’ ಎನ್ನುತ್ತಾಳೆ.

ಆ ದಿನ ನೆನಪಿದೆಯೇ? ‘ಅಮ್ಮಾ, ನಾಳೆಯಿಂದ ನಂಗೆ ಜಬ್ರ್’ ಎಂದಳು. ನಾನು ಮೂಳೆ ಕಟ್ಟುವವನ ಮಗಳು. ನಮ್ಮಪ್ಪನ ಮನೆಯಲ್ಲಿ ಜಬ್ರ್ ಎಂದರೆ ಮುರಿದ ಮೂಳೆ ಕೂಡಿಸುವುದು. ಕೈಲಿದ್ದ ಸೌಟು ಬಿಟ್ಟು ‘ಅಯ್ಯೋ, ಎಲ್ಲಿ ಬಿದ್ದೆ? ಯಾವ ಕೈ?’ ಎಂದು ಅವಳ ತೋಳು ಹಿಡಿದೆ. ಅವಳು ಹೇಳಿದ್ದು ಬೀಜಗಣಿತದ ಪಾಠಕ್ಕಂತೆ; ಬಿದ್ದು ಬಿದ್ದು ನಕ್ಕಳು. ಸರಿ, ಅವಳಿನ್ನೂ ಮಗು. ಫೋನಿನೊಳಗಿಂದ ನೀವೂ ನಕ್ಕಿರಿ. ಅದು ನನಗೆ ಇನ್ನೂ ಚುಚ್ಚುತ್ತಿದೆ.

ಅದಕ್ಕೇ ಮೇಲಿನ ಮಹಡಿಯ ಇಕ್ರಾಮಳನ್ನು ಹಿಡಿದೆ. ಕಾಲೇಜಿನಲ್ಲಿ ಗಣಿತ ಓದುವ ಹುಡುಗಿ. ರಬಾಬ್ ಶಾಲೆಗೆ ಹೋದ ಮೇಲೆ ಇಬ್ಬರೂ ಕೂತು, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾ ಲೆಕ್ಕ ಮಾಡುತ್ತೇವೆ. ಮೊದಮೊದಲು ತಲೆ ಕೆಟ್ಟು ಕೆರ ಹಿಡಿಯಿತು. ಒಂದು ಬದಿಯಿಂದ ಐದು ಕಳೆದು ಇನ್ನೊಂದು ಬದಿಯನ್ನು ಮರೆತೇಬಿಡುತ್ತಿದ್ದೆ. ‘ಎರಡೂ ಕಡೆ ಒಂದೇ ಥರ ಮಾಡ್ಬೇಕು ಚಿಕ್ಕಮ್ಮಾ’ ಎಂದು ಅವಳು ಗದರಿದಾಗ ನಮ್ಮಪ್ಪನೇ ಕಿವಿಯಲ್ಲಿ ಕೂಗಿದ ಹಾಗಾಯಿತು: ‘ಎರಡೂ ತುದಿ ಸಮನಾಗಿ ಎಳಿ ಕಣೇ, ಇಲ್ದಿದ್ರೆ ಮೂಳೆ ಸೊಟ್ಟಗೆ ಕೂರುತ್ತೆ.’ ಇಕ್ರಾಮಳಿಗೆ ಹೇಳಿದೆ. ಮೂಳೆಯ ಜಬ್ರೂ ಲೆಕ್ಕದ ಜಬ್ರೂ ಒಂದೇ ಮಾತು ಎಂದಳು ಅವಳು. ಕೇಳಿಸಿತೇ? ನಕ್ಕಿರಲ್ಲಾ!

ಇರಲಿ. ಹೊತ್ತುಹೊತ್ತಿಗೆ ಉಣ್ಣಿ. ದೇವರು ನಿಮ್ಮನ್ನೂ ನಿಮ್ಮ ಸೊಂಟವನ್ನೂ ಕಾಯಲಿ.

ಹೊಟ್ಟೆ ಉರಿದುಕೊಂಡೇ ನಿಮ್ಮ ದಾರಿ ಕಾಯುವ,
ಸನಿಯ್ಯ

ಮರೆತ ಮಾತು: ಅಶ್ರಫ್ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮುಂದಿನ ವಾರ ಅವಳಿಗೆ ಪರೀಕ್ಷೆ. ಅದರ ಹಿಂದಿನ ದಿನ ಅವಳು ನಿಮ್ಮನ್ನು ಲೆಕ್ಕ ಕೇಳಿದಾಗ ‘ಇದು ನಂಗೂ ಬರ್ತಿಲ್ಲ ಕಣಮ್ಮಾ, ನಿಮ್ಮಮ್ಮನ್ನ ಕೇಳು’ ಎಂದುಬಿಡಿ. ಒಂದೇ ಒಂದು ಲೆಕ್ಕ. ಉಳಿದದ್ದೆಲ್ಲ ನಿಮಗೇ ಇರಲಿ. ನಾನು ಒಲೆ ಆರಿಸಿ ಕೂತಿರುತ್ತೇನೆ.