ಎಡದಿಂದ ನಾಲ್ಕನೆಯ ಹಲ್ಲಚ್ಚು

ಮೂರು ತಿಂಗಳಿಂದ ನನ್ನ ಫೋನು ಎತ್ತದ ನನ್ನ ಒಬ್ಬನೇ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ನೀನು ಒಡೆಯದೆ ಪಕ್ಕಕ್ಕಿಡುತ್ತೀಯೆಂದು ವಿಳಾಸವನ್ನು ಎಡಗೈಯಲ್ಲಿ ಬರೆದಿದ್ದೇನೆ. ಮೂವತ್ತೊಂದು ವರ್ಷ ನಕ್ಷೆ ಕಚೇರಿಯಲ್ಲಿ ಕೂತು ರಸ್ತೆ, ಕೆರೆ, ಸೇತುವೆಗಳನ್ನು ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಬರೆದವಳಿಗೆ ಒಂದು ವಿಳಾಸವನ್ನು ಕೆಟ್ಟದಾಗಿ ಬರೆಯುವುದು ಎಷ್ಟು ಕಷ್ಟ ಎಂದು ಈಗ ತಿಳಿಯಿತು. ನಾಲ್ಕು ಲಕೋಟೆ ಹಾಳಾದವು. ಅವನ್ನು ಎಸೆದಿಲ್ಲ. ಯಾವುದಕ್ಕಾದರೂ ಬೇಕಾದೀತೆಂದು ಎತ್ತಿಟ್ಟಿದ್ದೇನೆ. ಈ ಸಾಲು ಓದಿದಾಗ ನಿನ್ನ ಮುಖ ಹೇಗಾಗುತ್ತದೆಂದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ನನ್ನ ಈ ಹುಚ್ಚಿನ ಬಗ್ಗೆ ನೀನು ಯಾವತ್ತೂ ನೇರವಾಗಿ ಏನೂ ಹೇಳಿದವನಲ್ಲ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಸೇರುವ ಗುಂಪಿಗೆ ಹೋಗಿ ಸೇರಿಕೊಂಡೆ. ಗ್ರಂಥಪಾಲಕರು ನಮ್ಮನ್ನು 'ಅಂಟಿನವರು' ಎಂದು ಕರೆಯುತ್ತಾರೆ, ಅದರಲ್ಲಿ ಪ್ರೀತಿ ಎಷ್ಟು, ಮೇಜಿಗೆ ಮೆತ್ತಿದ ಅಂಟಿನ ಸಿಟ್ಟು ಎಷ್ಟು ಎಂದು ಹೇಳುವುದು ಕಷ್ಟ. ಹಳೆಯ ಪುಸ್ತಕದ ಹೊಟ್ಟೆ ಕೊರೆದು ಅದರೊಳಗೆ ಪುಟ್ಟ ಕೋಣೆ ಮಾಡುವುದು, ಕೆಟ್ಟ ಗಡಿಯಾರಕ್ಕೆ ಗುಂಡಿ, ಬೀಗದ ಕೈ, ಚಹಾದಲ್ಲಿ ಅದ್ದಿ ಒಣಗಿಸಿದ ಕಾಗದ ಅಂಟಿಸಿ ಬಣ್ಣ ಬಳಿಯುವುದು, ಇದು ನಮ್ಮ ಕೆಲಸ. ಒಬ್ಬರು ನಿವೃತ್ತ ಬಸ್ ಡ್ರೈವರ್, ಬೆಂಕಿಪೊಟ್ಟಣದೊಳಗೆ ಘಟ್ಟದ ರಸ್ತೆ ಮಾಡುತ್ತಾರೆ. ಇನ್ನೊಬ್ಬರು ನರ್ಸಮ್ಮ, ಮಾತ್ರೆ ತೆಗೆದ ಖಾಲಿ ಹಾಳೆಗಳಿಂದ ಮೀನು ಮಾಡುತ್ತಾರೆ. ಮಾಡಿದ್ದನ್ನು ಮೇಜಿನ ಮೇಲಿಟ್ಟು, ಹೋಗುವಾಗ ಬೇರೆಯವರದನ್ನು ಎತ್ತಿಕೊಂಡು ಹೋಗಬೇಕು, ಅದು ನಿಯಮ. ನನ್ನ ಮನೆಯಲ್ಲಿ ಈಗ ಹದಿನೇಳು ಮೀನುಗಳಿವೆ.

ನಿನಗೂ ನಾನು ಕೊಟ್ಟಿದ್ದೇನಲ್ಲ, ಸುತ್ತಲೂ ಬೀಗದ ಕೈ ಅಂಟಿಸಿದ ಕನ್ನಡಿ. ನಿನ್ನ ಹೆಂಡತಿ "ತುಂಬಾ ಚೆನ್ನಾಗಿದೆ ಅತ್ತಿಗೆ, ಎಲ್ಲಿ ಹಾಕೋದು ಅಂತ ಯೋಚಿಸ್ತಾ ಇದೀವಿ" ಎಂದಳು. ಎರಡು ವರ್ಷದಿಂದ ನೀವು ಯೋಚಿಸುತ್ತಲೇ ಇದ್ದೀರಿ. ಅದು ಫ್ರಿಜ್ಜಿನ ಹಿಂದೆ ಇರುವುದನ್ನು ನಾನು ನೋಡಿದ್ದೇನೆ, ಬೇಜಾರಿಲ್ಲ. ಅಲ್ಲಿಗೂ ಒಂದು ಕನ್ನಡಿ ಬೇಕಾಗಬಹುದು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ನೀನು ನಿನ್ನ ಹಲ್ಲಿನ ಕ್ಲಿನಿಕ್ಕನ್ನು ಮಹಡಿಯಿಂದ ಕೆಳಕ್ಕೆ ಇಳಿಸಿದ ದಿನ, ಹಳೆಯ ರೋಗಿಗಳ ಪ್ಲಾಸ್ಟರ್ ಹಲ್ಲಚ್ಚುಗಳಿದ್ದ ಎರಡು ರಟ್ಟಿನ ಪೆಟ್ಟಿಗೆಗಳನ್ನು ನನ್ನ ಕಾರಿಗೆ ತುಂಬಿಸಿ, "ಅಕ್ಕ, ಹೋಗ್ತಾ ಕಸದ ಕೇಂದ್ರದಲ್ಲಿ ಕೊಟ್ಟು ಹೋಗು, ಪುಡಿ ಮಾಡ್ತಾರೆ" ಎಂದೆ. ನಾನು ಹೂಂ ಅಂದೆ. ಆ ಹೂಂ ಪ್ರಾಮಾಣಿಕವಾದದ್ದೇ. ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದಾಗ ಒಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿತು. ಹಿಂದಿನ ಸೀಟಿನಲ್ಲಿ ಯಾರೋ ಬಾಯ್ತುಂಬ ನಗುತ್ತಿದ್ದರು. ಹಸಿರು ದೀಪ ಬಂತು, ಹಿಂದಿನವನು ಹಾರನ್ ಹೊಡೆದ, ನಾನು ಕಸದ ಕೇಂದ್ರದ ಕಡೆ ತಿರುಗುವ ಬದಲು ಮನೆಯ ಕಡೆ ತಿರುಗಿದೆ. ಒಂದು ಪೆಟ್ಟಿಗೆಯನ್ನು ಮರುದಿನ ಕೊಟ್ಟು ಬಂದೆ. ಇನ್ನೊಂದನ್ನು ಕೊಡಲಿಲ್ಲ. ನೀನು ಫೋನಿನಲ್ಲಿ "ಕೊಟ್ಟೆಯಾ" ಎಂದು ಕೇಳಿದಾಗ "ಕೊಟ್ಟೆ" ಎಂದೆ. ಎಷ್ಟು ಪೆಟ್ಟಿಗೆ ಎಂದು ನೀನು ಕೇಳಲಿಲ್ಲ.

ನಕ್ಷೆ ಕಚೇರಿಯವರು ಎಸೆದಿದ್ದ ಅಗಲವಾದ ಮರದ ಡ್ರಾಯರೊಂದು ನನ್ನ ಹತ್ತಿರ ಇತ್ತು. ಅದರೊಳಗೆ ಉದ್ದನೆಯ ಊಟದ ಮೇಜು ಮಾಡಿದೆ, ಮೇಲೆ ಹಳೆಯ ದಿಂಬಿನ ಚೀಲದ ಬಟ್ಟೆ. ನಕ್ಷೆಯ ಕಾಗದದಲ್ಲಿ ಕತ್ತರಿಸಿದ ತಟ್ಟೆಗಳು, ತಂತಿ ಬಗ್ಗಿಸಿದ ಚಮಚಗಳು. ಸುತ್ತಲೂ ಆ ಪೆಟ್ಟಿಗೆಯಲ್ಲಿದ್ದ ಎಂಟು ಜನರ ಹಲ್ಲು. ಒಂದು ಅಗಿಯುತ್ತಿದೆ, ಒಂದು ಮಾತಿನ ಮಧ್ಯದಲ್ಲಿದೆ, ಮೂಲೆಯದು ಕೋಪಿಸಿಕೊಂಡು ಬಾಯಿ ಮುಚ್ಚಿ ಕೂತಿದೆ. ಅಡಿಯಲ್ಲಿ ನೀನು ಪೆನ್ಸಿಲಿನಲ್ಲಿ ಬರೆದಿದ್ದ ಹೆಸರುಗಳ ಮೇಲೆ ನಾನು ಕಾಗದ ಅಂಟಿಸಿದೆ. ಹೆಸರಿಲ್ಲದ ಹಲ್ಲು ಯಾರದ್ದೂ ಅಲ್ಲವೆಂದು ನನ್ನ ಲೆಕ್ಕಾಚಾರ. 'ಎಲ್ಲರೂ ಊಟಕ್ಕೆ ಬಂದಿದ್ದಾರೆ' ಎಂದು ಚೀಟಿ ಬರೆದು ಅಂಟಿಸಿದಾಗ, ಇಷ್ಟು ಚೆನ್ನಾಗಿ ನಾನು ಜೀವನದಲ್ಲಿ ಏನನ್ನೂ ಮಾಡಿಲ್ಲ ಅನ್ನಿಸಿತು. ಅದಕ್ಕೇ ಬುದ್ಧಿ ಕೆಟ್ಟು, ಗ್ರಂಥಾಲಯದಲ್ಲಿ ನಮ್ಮ ಗುಂಪು ಇಟ್ಟ ಪ್ರದರ್ಶನಕ್ಕೆ ನಿನ್ನನ್ನೇ ಕರೆದೆ.

ಆಮೇಲಿನದು ನಿನಗೆ ಗೊತ್ತಿದೆ, ಆದರೆ ನನ್ನ ಕಡೆಯಿಂದ ಹೇಗೆ ಕಂಡಿತೆಂದು ಹೇಳುತ್ತೇನೆ. ನೀನು ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು, ಮನೆಯವರ ನಾಟಕ ನೋಡಲು ಬಂದವನ ಮುಖದಲ್ಲಿ ಮೇಜಿನಿಂದ ಮೇಜಿಗೆ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತ ಬಂದೆ. ನನ್ನ ಡ್ರಾಯರಿನ ಮುಂದೆಯೂ "ಚೆನ್ನಾ" ಎಂದೆ, "ಗಿದೆ" ಬರಲಿಲ್ಲ. ತಾಯಿ ಜಾತ್ರೆಯಲ್ಲಿ ತನ್ನ ಮಕ್ಕಳನ್ನು ಗುರುತಿಸುವ ಹಾಗೆ ಒಂದೊಂದನ್ನೂ ನೋಡಿದೆ. ಬಿಸ್ಕತ್ತು ನಿನ್ನ ಕೈಯಲ್ಲೇ ಮುರಿಯಿತು. ಅದೇ ಹೊತ್ತಿಗೆ ನಿನ್ನ ಹೆಗಲ ಪಕ್ಕದಿಂದ ಆ ನ್ಯಾಯಾಧೀಶರಮ್ಮ ಬಗ್ಗಿದರು. ಕಾದಂಬರಿ ಬದಲಾಯಿಸಲು ಬಂದವರು, ಜನ ಕಂಡು ಒಳಗೆ ಇಣುಕಿದವರು. ಕನ್ನಡಕ ಮೇಲೇರಿಸಿ, ಇಳಿಸಿ, ನಿಧಾನವಾಗಿ ಕೇಳಿದರು: "ಡಾಕ್ಟ್ರೇ, ಎಡಗಡೆಯಿಂದ ನಾಲ್ಕನೇದು ನಾನಲ್ವಾ?"

ನೀನು "ಅಲ್ಲ ಮೇಡಂ" ಎಂದೆ.

"ನಾನೇ ಅನ್ಸುತ್ತೆ."

"ಇಲ್ಲ ಮೇಡಂ. ಅದು... ಅದು ಸಾಮಾನ್ಯ ಹಲ್ಲು."

ನನ್ನ ಕಡೆ ತಿರುಗಿ ನೀನು ಹೇಳಿದ್ದು ಒಂದೇ ಮಾತು: "ನನ್ನ ಕೆಲಸ ನಿನಗೆ ಆಟದ ಸಾಮಾನಾಯ್ತಾ ಅಕ್ಕ?" ನೀನು ಹಿಂಬಾಗಿಲಿನಿಂದ ಹೋದೆ. ಆ ಬಾಗಿಲು ಪೊರಕೆ ಇಡುವ ಗೂಡಿಗೆ ಹೋಗುತ್ತದೆಂದು ನಿನಗೆ ಗೊತ್ತಿರಲಿಲ್ಲ. ಮತ್ತೆ ಒಳಗೆ ಬಂದು, ಎಲ್ಲರ ಮುಂದೆ, ಮುಂಬಾಗಿಲಿನಿಂದ ಹೋದೆ. ಯಾರೂ ನಗಲಿಲ್ಲ. ಬಸ್ ಡ್ರೈವರ್ ಮಾತ್ರ ಆಮೇಲೆ, "ರಿವರ್ಸ್ ತೆಗೆಯೋದು ಕಷ್ಟ" ಎಂದರು.

ಮೂರು ದಿನ ಫೋನು ಮಾಡಿದೆ. ನಾಲ್ಕನೆಯ ದಿನ ಕ್ಲಿನಿಕ್ಕಿಗೇ ಬಂದೆ. ಮುಂದೆ ಕೂರುವ ಹುಡುಗಿ "ಡಾಕ್ಟ್ರು ಇಲ್ಲ ಮೇಡಂ" ಎಂದಳು. ಒಳಗಿನಿಂದ "ಇನ್ನೂ ಸ್ವಲ್ಪ ಬಾಯಿ ತೆಗೀರಿ" ಎಂಬ ನಿನ್ನ ದನಿ ಕೇಳಿಸಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಾಪದವಳು, ಅವಳ ಮರ್ಯಾದೆ ಉಳಿಸಲು ನಾನು "ಬಂದ ಮೇಲೆ ಹೇಳಿ" ಎಂದು ಬಂದುಬಿಟ್ಟೆ.

ಅದರ ಮರುದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನ್ಯಾಯಾಧೀಶರಮ್ಮ. ನಿನ್ನ ಕ್ಲಿನಿಕ್ಕಿಗೆ ಬೀಗ, ನಿನ್ನ ಬೋರ್ಡು ಇಳಿಸುವುದು, ನಿನ್ನ ಹೆಂಡತಿ ನನ್ನನ್ನು ನೋಡುವ ನೋಟ, ಎಲ್ಲ ಒಂದೇ ಉಸಿರಿನಲ್ಲಿ ಕಣ್ಣ ಮುಂದೆ ಬಂತು. ಅವರು ಕೂತರು, ಮೀನುಗಳನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ಕೇಳದೆ ಕೂರುವುದು ಅವರ ವೃತ್ತಿಯ ವಿದ್ಯೆ ಇರಬೇಕು. ಅರ್ಧ ನಿಮಿಷದಲ್ಲಿ ನಾನು ಸಿಗ್ನಲ್ಲಿನಿಂದ ಹಿಡಿದು ಕಾಗದ ಅಂಟಿಸಿದ್ದರವರೆಗೆ ಎಲ್ಲ ಒಪ್ಪಿಕೊಂಡೆ. ನೀನು ನಾಶ ಮಾಡಲೆಂದೇ ಕೊಟ್ಟಿದ್ದೆ, ನಿನ್ನ ತಪ್ಪು ಒಂದು ಕೂದಲಷ್ಟೂ ಇಲ್ಲವೆಂದು ಎರಡು ಸಲ ಹೇಳಿದೆ.

"ಅವರದ್ದೊಂದು ತಪ್ಪಿದೆ" ಎಂದರು. "ಮೂವತ್ತು ವರ್ಷ ಸುಳ್ಳು ಕೇಳಿದೀನಿ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋರನ್ನ ನೋಡಿಲ್ಲ. ಸಾಮಾನ್ಯ ಹಲ್ಲಂತೆ."

ಆಮೇಲೆ ಅದನ್ನು ನೋಡಬೇಕೆಂದರು. ಡ್ರಾಯರ್ ತಂದಿಟ್ಟೆ. ನಾಲ್ಕನೆಯದನ್ನು ಎತ್ತಿ, ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಉಗುರಿನ ತುದಿ ಇಟ್ಟರು. ಬಹಳ ಹೊತ್ತು ಅಲ್ಲೇ ಇಟ್ಟಿದ್ದರು. ಅವರ ತಾಯಿಗೂ ಇದೇ ಸಂದಿ ಇತ್ತಂತೆ. ಆ ಸಂದಿಯಿಂದ ಸಿಳ್ಳೆ ಹಾಕಿದರೆ ನಾಲ್ಕು ಬೀದಿ ಆಚೆ ಆಡುತ್ತಿದ್ದ ಮಗಳು ಮನೆಗೆ ಓಡಿ ಬರಬೇಕಿತ್ತಂತೆ. ಇವರು ನ್ಯಾಯಪೀಠದಲ್ಲಿ ಕೂತ ಮೇಲೆ ಆ ಸಂದಿಯಿಂದ ತೊಂದರೆ ಶುರುವಾಯಿತು. ಯಾವ ಕಕ್ಷಿಗಾರನ ಕಡೆ ನೋಡಿದರೂ ಅವನಿಗೆ ತನ್ನನ್ನು ನೋಡಿ ನಗುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಹಾಗಾಗಿ ಹನ್ನೊಂದು ವರ್ಷದ ಹಿಂದೆ ನಿನ್ನ ಹತ್ತಿರ ಬಂದು ಅದನ್ನು ತುಂಬಿಸಿಕೊಂಡರು.

"ಅಮ್ಮನಿಗೆ ತೋರಿಸ್ದೆ. ಚೆನ್ನಾಗಿದೆ ಅಂದ್ರು. ಇನ್ನೇನೂ ಹೇಳ್ಲಿಲ್ಲ. ಎರಡು ವರ್ಷಕ್ಕೆ ಹೋಗ್ಬಿಟ್ರು" ಎಂದರು. "ಕನ್ನಡೀಲಿ ಇಲ್ದೇ ಇದ್ದಿದ್ದು ನಿಮ್ಮ ಊಟದ ಮೇಜಲ್ಲಿ ಸಿಕ್ತು. ಇದನ್ನ ತಗೊಂಡು ಹೋಗ್ಲಾ?"

ನಿಮ್ಮದನ್ನು ನೀವು ತೆಗೆದುಕೊಂಡು ಹೋಗಲು ನನ್ನನ್ನು ಕೇಳಬೇಕೆ ಎಂದೆ. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು ಒಂದು ತೀರ್ಪು ಕೊಟ್ಟೇ ಹೋದರು: "ಉಳಿದ ಏಳು ಜನಕ್ಕೆ ಹೀಗೇ ಖುಷಿಯಾಗುತ್ತೆ ಅಂತ ತಿಳ್ಕೋಬೇಡಿ."

ಅವರು ಹೋದ ಮೇಲೆ ಬಟ್ಟಲಿನಲ್ಲಿ ಬೆಚ್ಚಗಿನ ನೀರು, ಒಂದು ಮೆತ್ತನೆಯ ಬಟ್ಟೆ ತಂದು ಕೂತೆ. ಉಳಿದ ಏಳನ್ನೂ ಮೇಜಿನಿಂದ ಬಿಡಿಸಿ, ಅಡಿಯ ಕಾಗದವನ್ನು ಒದ್ದೆ ಮಾಡಿ ಮೆಲ್ಲಗೆ ಎಬ್ಬಿಸಿದೆ. ಅಂಟಿಸುವಾಗ ಕಳ್ಳಿಯ ಹಾಗೆ ಅವಸರದಲ್ಲಿದ್ದೆ, ಹೆಸರು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಈಗ ಓದಿದೆ. ಒಂದರ ಹೆಸರಿನ ಕೆಳಗೆ "ಸೂಜಿ ಕಂಡರೆ ಹೆದರಿಕೆ, ಮೊದಲೇ ತೋರಿಸಬಾರದು" ಎಂದು ನಿನ್ನ ಕೈಬರಹ. ಇನ್ನೊಂದರಲ್ಲಿ "ಎಡ ಕಿವಿ ಕೇಳಿಸದು, ಬಲಗಡೆ ನಿಂತು ಮಾತಾಡು." ಮತ್ತೊಂದರಲ್ಲಿ "ಮಗ ತೀರಿಕೊಂಡ ವರ್ಷ. ಸುಮ್ಮನೆ ಮಾತಾಡಿಸು." ಒಂದೊಂದು ಹಲ್ಲಿನ ಬುಡದಲ್ಲೂ ನೀಲಿ ಪೆನ್ಸಿಲಿನಲ್ಲಿ ನೀನು ಎಳೆದ ಗೆರೆ. ತಮ್ಮಾ, ಗೆರೆಯ ವಿಷಯದಲ್ಲಿ ನಾನು ಯಾರನ್ನೂ ಸುಲಭವಾಗಿ ಹೊಗಳುವವಳಲ್ಲ. ನಮ್ಮ ಕಚೇರಿಯಲ್ಲಿ ನನ್ನ ಮೇಲಿನ ಅಧಿಕಾರಿಗೇ ನಿಮ್ಮ ನದಿ ನಡುಗುತ್ತದೆ ಎಂದು ಹೇಳಿದವಳು. ನಿನ್ನ ಗೆರೆ ನಡುಗುವುದಿಲ್ಲ.

ಇಷ್ಟು ವರ್ಷ ನೀನು ಹಲ್ಲು ಕೀಳುತ್ತೀಯ, ತುಂಬುತ್ತೀಯ, ಅದೊಂದು ಕಸುಬು ಎಂದು ತಿಳಿದಿದ್ದೆ. ನನ್ನ ಗುಂಡಿ, ಬೀಗದ ಕೈಗಳನ್ನು ನೀನು ಹೇಗೆ ನೋಡುತ್ತಿದ್ದೆಯೋ, ನಾನೂ ನಿನ್ನ ಇಕ್ಕಳವನ್ನು ಹಾಗೇ ನೋಡುತ್ತಿದ್ದೆ. ನಿನ್ನ ಕೆಲಸ ನನಗೆ ಆಟದ ಸಾಮಾನಾಯಿತಾ ಎಂದು ಕೇಳಿದೆಯಲ್ಲ, ಹೌದು, ಆಗಿತ್ತು. ಹೆಸರಿನ ಮೇಲೆ ಕಾಗದ ಮೆತ್ತಿದೆನೇ ಹೊರತು ಓದಲಿಲ್ಲ. ಇದಕ್ಕೆ ಕ್ಷಮೆ ಕೇಳುತ್ತೇನೆ. ನಿನಗಿಂತ ಒಂಬತ್ತು ವರ್ಷ ದೊಡ್ಡವಳು ಕ್ಷಮೆ ಕೇಳುವುದು ಸುಲಭವಲ್ಲ, ಮೂರು ತಿಂಗಳು ಹಿಡಿದದ್ದು ಅದಕ್ಕೇ. ನಿನ್ನ ಫೋನಿನ ಮೇಲೆ ಹೊರಿಸಿದ್ದು ನೆಪ.

ಏಳೂ ಒಣಗಿವೆ. ಹತ್ತಿ ಹಾಕಿ ಪೆಟ್ಟಿಗೆಯಲ್ಲಿಟ್ಟು ಹಗ್ಗ ಕಟ್ಟಿದ್ದೇನೆ, ನಿನ್ನ ಕೈಗೇ ಕೊಡುತ್ತೇನೆ, ಪುಡಿ ಮಾಡುವುದನ್ನು ನೀನೇ ನಿಂತು ನೋಡು. ಡ್ರಾಯರಿನಲ್ಲಿ ಈಗ ಬರೀ ತಟ್ಟೆಗಳು, ಚಮಚಗಳು, ಮಡಚಿ ಬಿಟ್ಟ ಬಟ್ಟೆ. ನರ್ಸಮ್ಮ ಅದನ್ನು ನೋಡಿ, "ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ" ಎಂದರು. ನನಗೆ ಸಿಟ್ಟು ಬಂತು, ಆಮೇಲೆ ನೋಡಿದರೆ ನಿಜ. ಚೀಟಿಯನ್ನು 'ಎಲ್ಲರ ಊಟವೂ ಆಯಿತು' ಎಂದು ತಿದ್ದಿದ್ದೇನೆ.

ಹೋದ ವಾರ ನ್ಯಾಯಾಧೀಶರಮ್ಮ ಮತ್ತೆ ಬಂದಿದ್ದರು. ನಿವೃತ್ತರಾದರಂತೆ. ಆ ತುಂಬಿದ್ದನ್ನು ತೆಗೆಸಿ ಸಂದಿಯನ್ನು ಮೊದಲಿನಂತೆ ಮಾಡಿಸಿಕೊಳ್ಳಬೇಕಂತೆ. "ಇನ್ಮೇಲೆ ನಾನು ನಗ್ತಾ ಇದೀನಿ ಅಂತ ಯಾರಾದ್ರೂ ಅಂದ್ಕೊಂಡ್ರೆ ನಷ್ಟ ಇಲ್ಲ. ಸಿಳ್ಳೆ ಬರುತ್ತಾ ಅಂತ ನಿಮ್ಮ ತಮ್ಮನ್ನ ಕೇಳ್ಬೇಕು" ಎಂದರು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸಮಯ ತೆಗೆದುಕೊಂಡಿದ್ದಾರೆ. ಅಳತೆಗೆ ಬೇಕಾದೀತೆಂದು ಹಳೆಯ ಅಚ್ಚನ್ನೂ ತರುತ್ತಾರೆ. ನಿನ್ನ ಮೇಲೆ ಅವರಿಗೆ ಕೋಪವಿಲ್ಲ. ಅದು ಸಾಮಾನ್ಯ ಹಲ್ಲು ಎಂದು ಇನ್ನೊಮ್ಮೆ ಮಾತ್ರ ಹೇಳಬೇಡ.

ನಾನೂ ಅವರ ಜೊತೆ ಬರುತ್ತೇನೆ. ಬರುವುದಕ್ಕೆ ಬೇರೊಂದು ಕಾರಣವೂ ಇದೆ. ಬಲಗಡೆ ಕೆಳಗಿನ ಕೊನೆಯ ಹಲ್ಲು ಐದು ವಾರದಿಂದ ನೋಯುತ್ತಿದೆ. ನಮ್ಮ ಬೀದಿಯ ತುದಿಯಲ್ಲೇ ಹೊಸ ದಂತವೈದ್ಯರ ಬೋರ್ಡು ಬಂದಿದೆ, ಒಳ್ಳೆಯವರಂತೆ, ನಾನು ಎರಡು ಸಲ ಮೆಟ್ಟಿಲವರೆಗೆ ಹೋಗಿ ವಾಪಸ್ಸು ಬಂದೆ. ನೋವಿದ್ದರೂ ಇನ್ನೊಬ್ಬರ ಎದುರು ಬಾಯಿ ತೆಗೆಯಲು ಮನಸ್ಸು ಬರಲಿಲ್ಲ. ಹನ್ನೊಂದು ಗಂಟೆಗೆ ನನ್ನ ಹೆಸರು ಬರೆಸಿದ್ದೇನೆ. ನಿನ್ನ ಕ್ಲಿನಿಕ್ಕಿನ ಹುಡುಗಿ ಫೋನಿನಲ್ಲಿ ದನಿ ತಗ್ಗಿಸಿ, "ಬರ್ಕೊಂಡಿದೀನಿ ಮೇಡಂ, ಡಾಕ್ಟ್ರಿಗೆ ಈಗಲೇ ಹೇಳಲ್ಲ" ಎಂದಳು. ಅವಳ ಸಂಬಳ ಹೆಚ್ಚಿಸು.

ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ. ನೀನು ಹೇಗೂ ಬಾಯಿಗೆ ಹತ್ತಿ ತುರುಕಿದ ಮೇಲೆಯೇ ಪ್ರಶ್ನೆ ಕೇಳುವವನು, ಉತ್ತರ ಕೊಡುವ ತೊಂದರೆ ನನಗೂ ಇರುವುದಿಲ್ಲ. ಬಾಯಿ ತೆರೆ ಎಂದರೆ ತೆರೆಯುತ್ತೇನೆ, ಮುಚ್ಚು ಎಂದರೆ ಮುಚ್ಚುತ್ತೇನೆ. ಅರವತ್ತೈದು ವರ್ಷದಲ್ಲಿ ನಾನು ಯಾರಿಗೂ ಕೊಡದ ಮಾತು ಇದು.

ನಿನ್ನ ಕೈ ಸದಾ ಹೀಗೇ ನಡುಗದಿರಲಿ, ಹೆದರಿ ಬಂದವರೆಲ್ಲ ನಿನ್ನ ಕುರ್ಚಿಯಿಂದ ಹಗುರಾಗಿ ಏಳಲಿ ಎಂದು ಹಾರೈಸುವ,

ಗುರುವಾರ ಹನ್ನೊಂದು ಗಂಟೆಯ ನಿನ್ನ ರೋಗಿ,
ಅಕ್ಕ