ನೊಣಕ್ಕೆ ಹೇಳಿದ ಪ್ರಾರ್ಥನೆ

ಕಾಡಂಚಿನ ಮನೆ, ಜೂಕಿಯಾ, ಲಿಥುವೇನಿಯಾ

ಅಳಿಯ ವೈದೋತಾಸರಿಗೆ,

ಕಳೆದ ಭಾನುವಾರ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಬಿದ್ದಿದ್ದ ಹುಳವನ್ನು ಅಂಗೈಯಲ್ಲಿ ತಂದು, "ಅತ್ತೆ, ನಿಮ್ಮ ಟೊಳ್ಳು ಓಕ್ ಮರದ ದುಂಬಿ ತೀರಿಕೊಂಡಿತು" ಎಂದಿರಿ. ನಮ್ಮ ಮಾತಿನಲ್ಲಿ ತೀರಿಕೊಳ್ಳುವುದು ಮನುಷ್ಯರು, ಜೇನು, ದುಂಬಿ ಮಾತ್ರ. ಮಿಕ್ಕ ಹುಳಹುಪ್ಪಟೆ ಸಾಯುತ್ತವೆ. ಆ ಮಾತನ್ನು ನೀವು ತಿಳಿದೇ ಆಡಿದಿರಿ. ನಾನು ಅದನ್ನು ಸೇಬಿನ ಮರದಡಿ ಹೂತು, ಪ್ರಾರ್ಥನೆ ಹೇಳಿ, ಕಡಿಸಬೇಕೆಂದಿದ್ದ ಓಕ್ ಮರವನ್ನು, ಅದರ ಮನೆಯೆಂದು, ಇನ್ನು ಕಡಿಸುವುದಿಲ್ಲ ಎಂದು ಮಾತು ಕೊಟ್ಟೆ.

ನಿನ್ನೆ ನಿಮ್ಮ ಹೆಂಡತಿ ಬೀಟ್ರೂಟ್ ಹೆಚ್ಚುತ್ತಾ ನಕ್ಕುಬಿಟ್ಟಳು. "ಅದು ದುಂಬಿ ವೇಷದ ನೊಣ ಕಣಮ್ಮಾ! ದುಂಬಿಗಾದರೆ ನಾಲ್ಕು, ಇದಕ್ಕೆ ಎರಡೇ ರೆಕ್ಕೆ. ಮರ ಉಳೀಲಿ ಅಂತ ನಿನ್ನಳಿಯ ಹೂಡಿದ ಆಟ!"

ಪೊಟರೆಯ ಕೊಳೆತ ನೀರಿನಲ್ಲಿ ಹುಳುವಾಗಿ ಹೊರಳಾಡಿ, ದುಂಬಿಯ ತುಪ್ಪಳ ತೊಟ್ಟು ಬರುವ ನೊಣ! ನನ್ನ ಗಂಡ ತೀರಿಕೊಂಡಾಗ ಹೊದ್ದಿದ್ದ ಕರಿ ಶಾಲನ್ನೇ ಹೊದ್ದು ಅದಕ್ಕೆ ಮಣ್ಣು ಕೊಟ್ಟೆ. ಬೂದಿ ಹಾಕಿ ಎಷ್ಟು ತಿಕ್ಕಿದರೂ ಕೈಯ ಹೇಸಿಗೆ ಹೋಗಿಲ್ಲ. ನೊಣಕ್ಕಿಂತ ನಿಮ್ಮ ಮೇಲೆಯೇ ಹೇಸಿಗೆ ಹೆಚ್ಚು. ಅದಕ್ಕೆ ವೇಷ ಹುಟ್ಟಿನಿಂದ ಬಂದದ್ದು.

ಮರ ಕಡಿಯಲು ಬಂದವರನ್ನು ಇಂದು ಬೆಳಿಗ್ಗೆ ವಾಪಸ್ ಕಳಿಸಿದೆ. ನೊಣದ ಮುಂದೆ ಆಡಿದರೂ ಅದು ನನ್ನ ಮಾತು.

ಈ ಭಾನುವಾರ ಬರುವಾಗ ಗುದ್ದಲಿ ತನ್ನಿ. ನನ್ನ ಸೇಬಿನ ಮರದಡಿಯಿಂದ ಅದನ್ನು ಅಗೆದು ತೆಗೆಯಿರಿ. "ಸತ್ತಿತು" ಎಂದು ನನ್ನೆದುರು ಬಾಯಿಬಿಟ್ಟು ಹೇಳಿ. ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಕೂರಿ.

ನಿಮ್ಮ ಅತ್ತೆ,
ದೊಮಿತ್ಸೇಲೆ